ದುಡಿಮೆಯ ವ್ಯವಸ್ಥೆ ಮತ್ತು ದುಡಿಯುವವರ ಆರೋಗ್ಯ

1

ಕನ್ನಡದಲ್ಲಿ ದುಡಿಮೆಗೆ ಇರುವ ಹೆಸರುಗಳಲ್ಲಿ ಅತ್ಯಂತ ಗೌರವದ್ದು ‘ಕಾಯಕ’. ಕಾಯದಿಂದ, ಎಂದರೆ ಶರೀರದಿಂದ, ಸಾಧಿಸುವುದು ಕಾಯಕ. ಹನ್ನೆರಡನೆಯ ಶತಮಾನದ ಶಿವಶರಣರು ಈ ಮಾತಿಗೆ ಪೂಜೆಯ ಘನತೆಯನ್ನು ತಂದುಕೊಟ್ಟರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮೊದಲಾದವರ ಹೆಸರುಗಳಲ್ಲಿ ಅವರ ಕಸುಬು ಇಂದಿಗೂ ಮುಂದಾಗಿ ನಿಂತಿರುವುದು ಇದಕ್ಕೆ ಸಾಕ್ಷಿ. ಆದರೆ ಆ ಶಬ್ದದ ಒಳಗೇ ಇರುವ ಕಾಯವನ್ನು ಕುರಿತು ಮುಂದಿನ ಕಾಲದವರು ಅಷ್ಟಾಗಿ ಯೋಚಿಸಿದಂತೆ ತೋರುವುದಿಲ್ಲ. ದುಡಿಮೆಯ ಫಲ ಎಲ್ಲೆಲ್ಲಿಗೋ ಹೋಗಿ ಸೇರಬಹುದು. ದುಡಿಮೆಯ ಸವೆತ ಮಾತ್ರ ದುಡಿದವರ ಮೈಯಲ್ಲಿಯೇ ಉಳಿಯುತ್ತದೆ.

ಈಚಿನ ವರ್ಷಗಳಲ್ಲಿ ದೊಡ್ಡ ಕಚೇರಿಗಳೂ ಬ್ಯಾಂಕುಗಳೂ ಕಾರ್ಖಾನೆಗಳೂ ತಮ್ಮ ನೌಕರರ ಆರೋಗ್ಯದ ಬಗೆಗೆ ಕಾಳಜಿಯ ಮಾತನ್ನಾಡತೊಡಗಿವೆ. ವರ್ಷಕ್ಕೊಮ್ಮೆ ರಕ್ತಪರೀಕ್ಷೆಯ ಶಿಬಿರ, ಜೂನ್ 21ರಂದು ಯೋಗಾಭ್ಯಾಸ, ಮನಃಶಾಂತಿಯನ್ನು ಕುರಿತು ಉಪನ್ಯಾಸ, ವ್ಯಾಯಾಮಶಾಲೆಗೆ ರಿಯಾಯಿತಿ ಇವೇ ಮೊದಲಾದವು ಈ ಕಾಳಜಿಯ ರೂಪಗಳು. ಇವೆಲ್ಲದರ ಹಿಂದೆ ಒಂದು ಊಹೆಯಿದೆ. ನೌಕರನ ಅನಾರೋಗ್ಯಕ್ಕೆ ಅವನ ಅಭ್ಯಾಸಗಳೇ ಕಾರಣ, ಅವನು ತನ್ನನ್ನು ತಿದ್ದಿಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂಬುದೇ ಆ ಊಹೆ. ಇದು ಎಷ್ಟರ ಮಟ್ಟಿಗೆ ನಿಜ? ದುಡಿಮೆಗೂ ರೋಗಕ್ಕೂ ಇರುವ ಸಂಬಂಧವನ್ನು ಕುರಿತು ಮುನ್ನೂರು ವರ್ಷಗಳಿಂದ ನಡೆದುಬಂದಿರುವ ವಿಚಾರ ಬೇರೊಂದು ಉತ್ತರವನ್ನು ಕೊಡುತ್ತದೆ. ಆ ಉತ್ತರವನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

2

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ (1633–1714) ಮೊದೇನಾ ಮತ್ತು ಪಾದುವಾ ನಗರಗಳಲ್ಲಿ ಪ್ರಾಧ್ಯಾಪಕನಾಗಿದ್ದವನು. ಕಸುಬುದಾರರ ರೋಗಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಅವನು ಬರೆದ ಗ್ರಂಥ 1700ರಲ್ಲಿ ಪ್ರಕಟವಾಯಿತು. 1713ರಲ್ಲಿ ಅದನ್ನು ವಿಸ್ತರಿಸಿ ಮತ್ತೊಮ್ಮೆ ಹೊರತಂದನು. ಆ ಗ್ರಂಥಕ್ಕೆ ಪ್ರೇರಣೆಯಾದ ಪ್ರಸಂಗವನ್ನು ಅವನೇ ಹೇಳಿಕೊಂಡಿದ್ದಾನೆ. ಅವನ ಮನೆಯ ಮಲಗುಂಡಿಯನ್ನು ಬರಿದುಮಾಡಲು ಬಂದ ಕೆಲಸಗಾರನೊಬ್ಬ ಅತ್ಯಂತ ಅವಸರದಿಂದ ದುಡಿಯುತ್ತಿದ್ದನು. ಇಷ್ಟು ಅವಸರವೇಕೆಂದು ಕೇಳಿದಾಗ, ಹೆಚ್ಚು ಹೊತ್ತು ಅಲ್ಲಿದ್ದರೆ ಕಣ್ಣು ಹೋಗುತ್ತದೆ ಎಂಬ ಉತ್ತರ ಬಂದಿತು. ಅಂದಿನಿಂದ ರಾಮಾಜ್ಜಿನಿ ಗಣಿಗಳಿಗೂ ಕುಂಬಾರರ ಅಂಗಡಿಗಳಿಗೂ ನೇಕಾರರ ಮನೆಗಳಿಗೂ ತಾನೇ ಹೋಗಿ ನೋಡತೊಡಗಿದನು. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳನ್ನು ಪ್ರಾಚೀನ ಗ್ರೀಕ್ ವೈದ್ಯರು ಪಟ್ಟಿಮಾಡಿದ್ದರಷ್ಟೆ. ಆ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕೆಂದು ಅವನು ಬೋಧಿಸಿದನು. ಆ ಪ್ರಶ್ನೆ ಇಷ್ಟೆ: ನಿನ್ನ ಕಸುಬು ಯಾವುದು?

ಲೆಕ್ಕಪತ್ರ ಬರೆಯುವವರ ವಿಷಯಕ್ಕೂ ಅವನು ಒಂದು ಅಧ್ಯಾಯವನ್ನು ಮೀಸಲಿಟ್ಟನೆಂಬುದು ಗಮನಾರ್ಹ. ಗುಮಾಸ್ತರ ರೋಗಗಳಿಗೆ ಅವನು ಕಂಡ ಕಾರಣಗಳು ಮೂರು. ಬಿಡುವಿಲ್ಲದೆ ಕುಳಿತಿರುವುದು ಮೊದಲನೆಯದು. ಕೈಯನ್ನು ಸದಾ ಒಂದೇ ದಿಕ್ಕಿನಲ್ಲಿ ಆಡಿಸುತ್ತಿರುವುದು ಎರಡನೆಯದು. ಕೂಡಿಸುವಾಗ ಕಳೆಯುವಾಗ ತಪ್ಪು ಬಿದ್ದು ಯಜಮಾನನಿಗೆ ನಷ್ಟವಾದೀತೆಂಬ ಎಚ್ಚರದಿಂದ ಮನಸ್ಸಿನ ಮೇಲೆ ಬೀಳುವ ಭಾರ ಮೂರನೆಯದು. ಹಕ್ಕಿಯ ಗರಿಯಿಂದ ಬರೆಯುತ್ತಿದ್ದ ಕಾಲದ ಈ ವಿವರಣೆ ಗಣಕಯಂತ್ರದ ಮುಂದೆ ಕುಳಿತಿರುವ ಇಂದಿನ ಬ್ಯಾಂಕು ನೌಕರನಿಗೆ ಅಕ್ಷರಶಃ ಒಪ್ಪುತ್ತದೆ. ಲೆಡ್ಜರು ಹೋಯಿತು, ಕುರ್ಚಿ ಹೋಗಲಿಲ್ಲ. ಲೇಖನಿ ಹೋಯಿತು, ಬೆರಳುಗಳು ಕೀಲಿಮಣೆಯ ಮೇಲೆ ಅದೇ ಚಲನೆಯನ್ನು ಮುಂದುವರಿಸಿವೆ. ಸಂಜೆ ನಗದು ತಾಳೆಯಾಗದೆ ಕಡಮೆ ಬಿದ್ದರೆ ಕ್ಯಾಷಿಯರನು ತನ್ನ ಕೈಯಿಂದ ತುಂಬಿಕೊಡಬೇಕಾದ ವಾಡಿಕೆ ಇರುವವರೆಗೆ ಮೂರನೆಯ ಕಾರಣವೂ ಹೋಗುವಂತಿಲ್ಲ.

ಈ ಮೂರರಲ್ಲಿ ಒಂದಾದರೂ ಗುಮಾಸ್ತನ ದುರಭ್ಯಾಸವಲ್ಲ. ಮೂರೂ ಅವನ ಕೆಲಸದ ಸ್ವರೂಪಕ್ಕೆ ಸೇರಿದವು. ರಾಮಾಜ್ಜಿನಿಯ ವಿಚಾರದಲ್ಲಿ ಮುಖ್ಯವಾಗಿ ಗ್ರಹಿಸಬೇಕಾದ ಅಂಶ ಇದೇ.

3

ಭಾರತದಲ್ಲಿ ಈ ಪ್ರಶ್ನೆ ಮೊದಲು ತಲೆಯೆತ್ತಿದ್ದು ಮುಂಬಯಿಯ ಹತ್ತಿಯ ಮಿಲ್ಲುಗಳಲ್ಲಿ. 1850ರ ದಶಕದಲ್ಲಿ ಕಾವಸ್‌ಜಿ ನಾನಾಭಾಯಿ ದಾವರರು ಇಲ್ಲಿ ಮೊದಲ ಮಿಲ್ಲನ್ನು ಸ್ಥಾಪಿಸಿದ ತರುವಾಯ ಮೂವತ್ತು ವರ್ಷಗಳಲ್ಲಿ ಮಿಲ್ಲುಗಳ ಸಾಲೇ ಎದ್ದಿತು. 1881ರ ಮೊದಲ ಕಾರ್ಖಾನೆ ಕಾಯಿದೆಯು ಏಳು ವರ್ಷಕ್ಕಿಂತ ಸಣ್ಣ ಮಕ್ಕಳನ್ನು ದುಡಿಸಬಾರದೆಂದೂ, ಏಳರಿಂದ ಹನ್ನೆರಡರವರೆಗಿನ ಮಕ್ಕಳನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ ವಿಧಿಸಿತು. ವಯಸ್ಕರ ದುಡಿಮೆಗೆ ಅದು ಯಾವ ಮಿತಿಯನ್ನೂ ಹಾಕಲಿಲ್ಲ.

1884ರ ಸೆಪ್ಟೆಂಬರಿನಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಮಿಲ್ಲು ಕೆಲಸಗಾರರ ಸಭೆಗಳನ್ನು ಸೇರಿಸಿದರು. ಜ್ಯೋತಿಬಾ ಫುಲೆಯವರ ಅನುಯಾಯಿಯಾಗಿ ‘ದೀನಬಂಧು’ ಪತ್ರಿಕೆಯನ್ನು ನಡೆಸುತ್ತಿದ್ದ ಲೋಖಂಡೆ ಮಿಲ್ಲಿನ ಒಳಗನ್ನು ಬಲ್ಲವರಾಗಿದ್ದರು. ಅಲ್ಲಿ ಸಿದ್ಧವಾದ ಮನವಿಗೆ ಸುಮಾರು 5,500 ಜನ ಸಹಿ ಹಾಕಿದರು. ಅವರು ಕೇಳಿದ್ದೇನು? ವಾರಕ್ಕೊಂದು ದಿನ, ಭಾನುವಾರ, ರಜೆ ಬೇಕು. ನಡುಹಗಲು ಅರ್ಧ ಗಂಟೆಯ ಬಿಡುವು ಬೇಕು. ಕೆಲಸ ಬೆಳಗ್ಗೆ ಆರೂವರೆಗೆ ಆರಂಭವಾಗಿ ಸೂರ್ಯಾಸ್ತಕ್ಕೆ ಮುಗಿಯಬೇಕು. ತಿಂಗಳ ಕೂಲಿ ಮರುತಿಂಗಳ ಹದಿನೈದರೊಳಗೆ ಕೈಸೇರಬೇಕು. ಕೆಲಸದಲ್ಲಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ತಿ ಕೂಲಿ ಸಲ್ಲಬೇಕು. ಅಂಗಹೀನನಾದವನ ಜೀವನಕ್ಕೆ ಏರ್ಪಾಡಾಗಬೇಕು.

ಈ ಬೇಡಿಕೆಗಳನ್ನು ಇಂದು ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಅಕ್ಷರಜ್ಞಾನವಿಲ್ಲದ ಅನೇಕರಿದ್ದ ಆ ಸಭೆ ಔಷಧವನ್ನು ಕೇಳಲಿಲ್ಲ, ಉಪದೇಶವನ್ನೂ ಕೇಳಲಿಲ್ಲ. ಅದು ಕೇಳಿದ್ದು ಬಹುಮಟ್ಟಿಗೆ ಕಾಲವನ್ನು. ದೇಹಕ್ಕೆ ಯಾವುದು ಬೇಕೆಂಬುದು ದೇಹದಿಂದಲೇ ದುಡಿಯುವವರಿಗೆ ತಿಳಿದಿತ್ತು. 1890ರ ಜೂನ್ ತಿಂಗಳಿನಲ್ಲಿ ಮಿಲ್ಲುಮಾಲೀಕರ ಸಂಘ ಭಾನುವಾರದ ರಜೆಯನ್ನು ಒಪ್ಪಿಕೊಂಡಿತು. ಮರುವರ್ಷದ ಕಾಯಿದೆ ವಾರದ ರಜೆಯನ್ನು ಸ್ಥಿರಪಡಿಸಿತು. ಉಳಿದವು ಬರಲು ಬಹುಕಾಲ ಹಿಡಿಯಿತು. 1911ರ ಕಾಯಿದೆಯು ಬಟ್ಟೆಯ ಮಿಲ್ಲುಗಳಲ್ಲಿ ವಯಸ್ಕ ಗಂಡಸರ ದುಡಿಮೆಗೆ ದಿನಕ್ಕೆ 12 ಗಂಟೆಯ ಮಿತಿಯನ್ನು ಹಾಕಿತು. ಆ ಮಿತಿ 1922ರಲ್ಲಿ ವಾರಕ್ಕೆ 60 ಗಂಟೆಗೂ, 1934ರಲ್ಲಿ 54ಕ್ಕೂ, ಸ್ವಾತಂತ್ರ್ಯದ ಹೊತ್ತಿಗೆ 48ಕ್ಕೂ ಇಳಿಯಿತು. ಗಾಯಗೊಂಡವರಿಗೆ ಪರಿಹಾರ ಕೊಡುವ ಕಾಯಿದೆ ಬಂದದ್ದು 1923ರಲ್ಲಿ, ಆ ಮನವಿಯಾದ ಮೂವತ್ತೊಂಬತ್ತು ವರ್ಷಗಳ ಮೇಲೆ. ಮುಂಬಯಿಯ ಹೆರಿಗೆ ಭತ್ಯದ ಕಾಯಿದೆ 1929ರದು. ಹಿಂದಿನ ವರ್ಷ ಮುಂಬಯಿಯ ವಿಧಾನ ಪರಿಷತ್ತಿನಲ್ಲಿ ಆ ಮಸೂದೆಯ ಪರವಾಗಿ ವಾದಿಸಿದವರಲ್ಲಿ ಡಾಕ್ಟರ್ ಅಂಬೇಡಕರರೂ ಒಬ್ಬರು.

ಹತ್ತಿಯ ಮಿಲ್ಲಿನ ಒಳಗಿನ ಗಾಳಿಯನ್ನು ಇಲ್ಲಿ ನೆನೆಯಬೇಕು. ಗಾಳಿ ಒಣಗಿದರೆ ನೂಲು ಕಡಿಯುತ್ತದೆ. ಆದುದರಿಂದ ನೇಯ್ಗೆಯ ಕೋಣೆಗಳಲ್ಲಿ ಗಾಳಿಗೆ ತೇವವನ್ನು ತುಂಬುತ್ತಿದ್ದರು. ನೂಲಿಗೆ ಹಿತವಾದ ಆ ಸೆಕೆ ಮನುಷ್ಯನಿಗೆ ಹಿತವಲ್ಲ. ಹತ್ತಿ ಬಿಡಿಸುವ ಕೋಣೆಗಳಲ್ಲಿ ಧೂಳನ್ನು ಉಸಿರಾಡುವವರಿಗೆ ಬಿಸಿನೋಸಿಸ್ ಎಂಬ ಶ್ವಾಸರೋಗ ತಗಲುತ್ತಿತ್ತು. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿದುಕೊಳ್ಳುವುದು ಅದರ ಮೊದಲ ಲಕ್ಷಣ. ರೋಗ ಮನೆಯಲ್ಲಿ ಹುಟ್ಟಿದುದಲ್ಲ, ಕೆಲಸದ ಜಾಗದಲ್ಲಿ ಹುಟ್ಟಿದುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಕನ್ನಡನಾಡಿನಲ್ಲಿಯೂ ಇಂಥ ನಿದರ್ಶನವಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆಯುವಾಗ ಏಳುವ ಶಿಲಾಧೂಳು ಪುಪ್ಪುಸಗಳಲ್ಲಿ ನೆಲೆಸಿ ಸಿಲಿಕೋಸಿಸ್ ರೋಗವನ್ನು ತರುತ್ತಿತ್ತು. 1940ರ ದಶಕದಲ್ಲಿ ಅಲ್ಲಿ ನಡೆದ ತಪಾಸಣೆಯಲ್ಲಿ ಪರೀಕ್ಷೆಗೊಳಗಾದವರ ಪೈಕಿ ಶೇಕಡ 40ಕ್ಕೂ ಮಿಕ್ಕಿ ಜನರಲ್ಲಿ ಆ ರೋಗ ಕಂಡುಬಂದಿತು. ಇದಕ್ಕೆ ಪರಿಹಾರ ಯಾವುದು? ಕೊರೆಯುವಾಗ ಬಂಡೆಗೆ ನೀರು ಹಾಯಿಸಬೇಕು, ಸುರಂಗದೊಳಕ್ಕೆ ಶುದ್ಧವಾದ ಗಾಳಿಯನ್ನು ಹರಿಸಬೇಕು. ಗಣಿಯ ಆಳದಲ್ಲಿ ದುಡಿಯುವವನು ಎಷ್ಟೇ ಶಿಸ್ತಿನಿಂದ ಬಾಳಿದರೂ ಇವೆರಡನ್ನೂ ತಾನಾಗಿ ಮಾಡಿಕೊಳ್ಳಲಾರ. ಅವು ಗಣಿ ನಡೆಸುವವರ ಕೈಯಲ್ಲಿರುವಂಥವು.

1948ರ ಕಾರ್ಖಾನೆ ಕಾಯಿದೆ ಈ ತತ್ತ್ವವನ್ನು ಒಪ್ಪಿಕೊಂಡಿತು. ಗಾಳಿ, ಬೆಳಕು, ಧೂಳು, ಕುಡಿಯುವ ನೀರು, ಶೌಚಗೃಹ, ಕೊನೆಗೆ ಪೀಕುದಾನಿಯವರೆಗೆ ಒಂದೊಂದನ್ನೂ ಹೆಸರಿಸಿ ಮಾಲೀಕನ ಕರ್ತವ್ಯವೆಂದು ಅದು ಬರೆಯಿತು. 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಉಪಾಹಾರಗೃಹ, 500 ಅಥವಾ ಅದಕ್ಕಿಂತ ಹೆಚ್ಚು ಇರುವಲ್ಲಿ ಕ್ಷೇಮಾಧಿಕಾರಿ ಎಂದು ನಿಯಮಗಳಾದವು. ಪ್ರಾಧ್ಯಾಪಕ ಬಿ. ಪಿ. ಅಡಾರಕರರು 1944ರಲ್ಲಿ ಒಪ್ಪಿಸಿದ ವರದಿಯ ಆಧಾರದ ಮೇಲೆ ನೌಕರರ ರಾಜ್ಯವಿಮೆಯ ಕಾಯಿದೆ ಅದೇ 1948ರಲ್ಲಿ ಆಯಿತು. 1952ರ ಫೆಬ್ರವರಿ 24ರಂದು ಕಾನಪುರ ಮತ್ತು ದೆಹಲಿಗಳಲ್ಲಿ ಆ ಯೋಜನೆ ಆರಂಭವಾಯಿತು. ಈ ವಿಷಯಕ್ಕೆ ಸಂಬಂಧಿಸಿದ ಹಳೆಯ ಕಾಯಿದೆಗಳಲ್ಲಿ ಹಲವನ್ನು ಒಂದುಗೂಡಿಸಿ ಸಂಸತ್ತು 2020ರಲ್ಲಿ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯನ್ನು ಅಂಗೀಕರಿಸಿತು. ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿತು.

4

ಧೂಳೂ ಸೆಕೆಯೂ ಇಲ್ಲದ ಕಚೇರಿಗಳಲ್ಲಿ ದುಡಿಯುವವರ ಮಾತೇನು? ಅಲ್ಲಿ ರೋಗಕ್ಕೆ ಕೆಲಸ ಹೇಗೆ ಕಾರಣವಾದೀತು? ಇದಕ್ಕೆ ಉತ್ತರ ದೊರೆತುದು ಲಂಡನ್ನಿನಲ್ಲಿ.

ವೈದ್ಯ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಸಾರಿಗೆ ಸಂಸ್ಥೆಯ ಸುಮಾರು 31,000 ನೌಕರರನ್ನು ಅಭ್ಯಸಿಸಿ 1953ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎರಡಂತಸ್ತಿನ ಬಸ್ಸಿನಲ್ಲಿ ಡ್ರೈವರನು ದಿನವಿಡೀ ಕುಳಿತಿರುತ್ತಾನೆ. ಕಂಡಕ್ಟರನು ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುತ್ತಾನೆ. ಒಂದೇ ಬಸ್ಸು, ಒಂದೇ ದಾರಿ, ಬಹುಮಟ್ಟಿಗೆ ಒಂದೇ ವರ್ಗದ ಜನ. ಆದರೂ ಹೃದ್ರೋಗ ಡ್ರೈವರುಗಳಲ್ಲಿ ಹೆಚ್ಚು, ಕಂಡಕ್ಟರುಗಳಲ್ಲಿ ಕಡಮೆ. ಹೀಗೊಂದು ಸಂದೇಹ ಬರಬಹುದು: ಮೊದಲೇ ದಪ್ಪಗಿರುವವರು ಡ್ರೈವರಿನ ಕೆಲಸವನ್ನು ಆರಿಸಿಕೊಂಡಿರಬಾರದೇಕೆ? ಮಾರಿಸ್ ಅದನ್ನೂ ಬಿಡಲಿಲ್ಲ. ಸಂಸ್ಥೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರಗಳ ಅಳತೆಯನ್ನು ನೋಡಿದಾಗ ಡ್ರೈವರುಗಳ ಸೊಂಟದ ಸುತ್ತಳತೆ ಹೆಚ್ಚೆಂಬುದು ಕಂಡುಬಂದಿತು. ಮೈಕಟ್ಟಿಗೂ ಇದರಲ್ಲಿ ಪಾಲಿದೆಯೆಂಬುದನ್ನು ಅವರು ಮರೆಮಾಚಲಿಲ್ಲ. ಕುಳಿತು ಮಾಡುವ ಕೆಲಸದ ಅಪಾಯವನ್ನು ಮುಂದಿನ ಅನೇಕ ಸಂಶೋಧನೆಗಳು ದೃಢಪಡಿಸಿವೆ.

ಎರಡನೆಯ ಸಂಶೋಧನೆ ಇನ್ನೂ ಆಳವಾದುದು. ಲಂಡನ್ನಿನ ಸರಕಾರಿ ಕಚೇರಿಗಳಿರುವ ವೈಟ್‌ಹಾಲ್ ಎಂಬ ಬೀದಿಯ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. 1967ರಲ್ಲಿ ಆರಂಭವಾದ ಈ ಅಧ್ಯಯನದಲ್ಲಿ ಸುಮಾರು 18,000 ಗಂಡಸು ನೌಕರರನ್ನು ಪರೀಕ್ಷಿಸಿ ವರ್ಷಗಟ್ಟಲೆ ಗಮನಿಸಲಾಯಿತು. ಜವಾಬ್ದಾರಿ ಹೆಚ್ಚಿದ್ದಷ್ಟೂ ಹೃದಯಕ್ಕೆ ಆಯಾಸ ಹೆಚ್ಚು, ಆದುದರಿಂದ ಮೇಲಧಿಕಾರಿಗಳೇ ಹೃದ್ರೋಗಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆ ಎಂಬ ನಂಬಿಕೆ ಆಗ ಬಲವಾಗಿತ್ತು. ಕಂಡುಬಂದುದು ಇದಕ್ಕೆ ವಿರುದ್ಧ. ಅತ್ಯುನ್ನತ ದರ್ಜೆಯವರಿಗಿಂತ ಅತಿ ಕೆಳಗಿನ ದರ್ಜೆಯ ಜವಾನರಲ್ಲಿ ಹೃದ್ರೋಗದಿಂದಾದ ಸಾವು ಮೂರು ಪಟ್ಟಿಗೂ ಹೆಚ್ಚು. ಅಷ್ಟೇ ಅಲ್ಲ, ದರ್ಜೆ ಇಳಿದಂತೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಸಾವಿನ ಪ್ರಮಾಣ ಏರುತ್ತಿತ್ತು. ಇವರಲ್ಲಿ ಯಾರೂ ಹೊಟ್ಟೆಗಿಲ್ಲದವರಲ್ಲ. ಎಲ್ಲರೂ ಖಾಯಂ ನೌಕರಿಯಲ್ಲಿದ್ದವರು. ಧೂಮಪಾನ, ರಕ್ತದ ಒತ್ತಡ, ಕೊಬ್ಬು ಮೊದಲಾದ ಪರಿಚಿತ ಕಾರಣಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಈ ಅಂತರದ ಅರ್ಧದಷ್ಟಕ್ಕೂ ವಿವರಣೆ ಸಿಗಲಿಲ್ಲ.

1985ರಿಂದ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ 10,308 ಮಂದಿ ಗಂಡಸರನ್ನೂ ಹೆಂಗಸರನ್ನೂ ಕುರಿತು ಎರಡನೆಯ ಅಧ್ಯಯನ ನಡೆಯಿತು. ಉಳಿದ ಅಂತರದ ಒಂದು ದೊಡ್ಡ ಪಾಲಿಗೆ ಅದು ಕಾರಣವನ್ನು ಸೂಚಿಸಿತು: ತನ್ನ ಕೆಲಸದ ಮೇಲೆ ತನಗಿರುವ ಹಿಡಿತ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವಾಗ ಬಿಡುವು ಎಂಬುದನ್ನು ಎಷ್ಟರ ಮಟ್ಟಿಗೆ ತಾನೇ ನಿರ್ಧರಿಸಬಹುದೆಂಬುದು ಹೃದಯದ ಆರೋಗ್ಯಕ್ಕೆ ಸಂಬಂಧಿಸಿದ ವಿಷಯವೆಂದಾಯಿತು. ಅಮೆರಿಕದ ರಾಬರ್ಟ್ ಕರಾಸೆಕ್ ಇದನ್ನೇ 1979ರಲ್ಲಿ ಸೂತ್ರರೂಪದಲ್ಲಿ ಹೇಳಿದ್ದರು. ಅವರ ಮತದಂತೆ ಕೆಲಸದ ಭಾರವೊಂದೇ ಮನುಷ್ಯನನ್ನು ಕೆಡಿಸುವುದಿಲ್ಲ; ಭಾರ ಹೆಚ್ಚಾಗಿ ನಿರ್ಧರಿಸುವ ಸ್ವಾತಂತ್ರ್ಯ ಕಡಮೆಯಾದಾಗ ಕೆಡಿಸುತ್ತದೆ.

ಬ್ಯಾಂಕಿನ ಶಾಖೆಯೊಂದನ್ನು ನೋಡಿದರೆ ಈ ಸೂತ್ರ ಕಣ್ಣಿಗೆ ಕಟ್ಟುತ್ತದೆ. ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ. ಅದನ್ನು ಕುಗ್ಗಿಸುವ ಉಪಾಯ ಕೌಂಟರಿನಲ್ಲಿ ಕುಳಿತವರ ಕೈಯಲ್ಲಿಲ್ಲ. ಯಂತ್ರ ನಿಂತುಹೋದರೆ ಬೈಗುಳ ಅವರಿಗೆ, ಯಂತ್ರ ಅವರದಲ್ಲ. ತಿಂಗಳ ಗುರಿಯನ್ನು ಗೊತ್ತುಮಾಡುವವರು ಬೇರೆ ಊರಿನಲ್ಲಿರುತ್ತಾರೆ. ಗುರಿ ಮುಟ್ಟದಿದ್ದರೆ ಸಂಜಾಯಿಷಿ ಕೊಡಬೇಕಾದವರು ಇಲ್ಲಿರುತ್ತಾರೆ. ಮಧ್ಯಾಹ್ನದ ಊಟದ ಅರ್ಧ ಗಂಟೆ ಕಾಗದದ ಮೇಲೆ ಉಳಿದು, ಡಬ್ಬಿ ಮೂರು ಗಂಟೆಗೆ ತೆರೆಯುತ್ತದೆ.

5

ಮೊದಲು ಹೇಳಿದ ಆರೋಗ್ಯ ಶಿಬಿರಗಳ ವಿಚಾರಕ್ಕೆ ಈಗ ಮರಳಬಹುದು. ಇಂಥ ಕಾರ್ಯಕ್ರಮಗಳ ಪರಿಣಾಮವನ್ನು ಅಮೆರಿಕದಲ್ಲಿ ಕಟ್ಟುನಿಟ್ಟಾಗಿ ಅಳೆದು ನೋಡಿದ್ದಾರೆ. ಸುಮಾರು 33,000 ನೌಕರರಿದ್ದ ಒಂದು ವ್ಯಾಪಾರಸಂಸ್ಥೆಯ 160 ಶಾಖೆಗಳಲ್ಲಿ 20ನ್ನು ಚೀಟಿ ಎತ್ತಿದಂತೆ ಆರಿಸಿ ಅಲ್ಲಿ ಮಾತ್ರ ಕಾರ್ಯಕ್ರಮವನ್ನು ನಡೆಸಿದರು. ಒಂದೂವರೆ ವರ್ಷದ ತರುವಾಯದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮವಿದ್ದ ಶಾಖೆಗಳಲ್ಲಿ ವ್ಯಾಯಾಮ ಮಾಡುತ್ತೇವೆಂದು ಹೇಳಿದವರ ಸಂಖ್ಯೆ ಹೆಚ್ಚಿತ್ತು. ಆದರೆ ರಕ್ತದ ಒತ್ತಡ, ಕೊಬ್ಬಿನ ಅಂಶ, ವೈದ್ಯಕೀಯ ವೆಚ್ಚ, ಗೈರುಹಾಜರಿ ಇವುಗಳಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸುಮಾರು 5,000 ನೌಕರರ ಮೇಲೆ ನಡೆದ ಪ್ರಯೋಗವೂ ಇದನ್ನೇ ಹೇಳಿತು. ಕಾರ್ಯಕ್ರಮಕ್ಕೆ ತಾವಾಗಿ ಬಂದು ಸೇರಿದವರ ವೈದ್ಯಕೀಯ ವೆಚ್ಚ ಮೊದಲಿನಿಂದಲೇ ಕಡಮೆಯಿತ್ತೆಂಬುದನ್ನೂ ತೋರಿಸಿಕೊಟ್ಟಿತು.

ಇದರಿಂದ ಶಿಬಿರಗಳು ನಿಷ್ಪ್ರಯೋಜಕವೆಂದು ತೀರ್ಮಾನಿಸಬೇಕಾಗಿಲ್ಲ. ತನಗೆ ಗೊತ್ತಿಲ್ಲದ ಸಕ್ಕರೆ ರೋಗವೋ ರಕ್ತದ ಒತ್ತಡವೋ ಅಲ್ಲಿ ಗೊತ್ತಾಗಿ ಬದುಕಿದವರಿದ್ದಾರೆ. ಆದರೆ ಶಿಬಿರವು ವ್ಯವಸ್ಥೆಯ ಸುಧಾರಣೆಗೆ ಬದಲಿಯಾಗಲಾರದು. ಹನ್ನೆರಡು ಗಂಟೆ ಕುರ್ಚಿಯಲ್ಲಿ ಕೂರಿಸಿ, ಕುಳಿತಿರುವುದರ ಅಪಾಯವನ್ನು ಕುರಿತು ಉಪನ್ಯಾಸ ಏರ್ಪಡಿಸುವುದರಲ್ಲಿ ಅರ್ಥವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಕೂಡಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಮಿಕ್ಕಿ ದುಡಿಯುವುದರಿಂದ ಉಂಟಾದ ಹೃದ್ರೋಗ ಮತ್ತು ಪಾರ್ಶ್ವವಾಯುಗಳಿಂದ 2016ರಲ್ಲಿ ಜಗತ್ತಿನಲ್ಲಿ ಸತ್ತವರು 7,45,000. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ ಇಂಥವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು ಹೆಚ್ಚು.

ಹಾಗಾದರೆ ಮಾಡಬೇಕಾದುದೇನು? ಮೊದಲು ಅಪಾಯವನ್ನೇ ತೆಗೆದುಹಾಕಬೇಕು; ಅದು ಆಗದಿದ್ದರೆ ಕೆಲಸದ ಏರ್ಪಾಡನ್ನು ಬದಲಾಯಿಸಬೇಕು; ವ್ಯಕ್ತಿಗೆ ಬುದ್ಧಿ ಹೇಳುವುದು ಎಲ್ಲಕ್ಕೂ ಕೊನೆಯದು. ಗಣಿಗೂ ಮಿಲ್ಲಿಗೂ ಸಲ್ಲುವ ಈ ಕ್ರಮ ಕಚೇರಿಗೂ ಸಲ್ಲುತ್ತದೆ. ಕೆಲಸಕ್ಕೆ ತಕ್ಕಷ್ಟು ಜನ, ಕೊನೆಯ ಗಂಟೆಯ ನಿಶ್ಚಯ, ಸಂಕೋಚವಿಲ್ಲದೆ ಕೇಳಬಹುದಾದ ರಜೆ, ಅಳತೆಗೆ ಹೊಂದುವ ಕುರ್ಚಿ ಮೇಜು, ಹೆಂಗಸರಿಗೆ ಪ್ರತ್ಯೇಕವಾದ ಶುಚಿಯಾದ ಶೌಚಗೃಹ, ಅವಮಾನವಿಲ್ಲದೆ ದೂರು ಹೇಳಿಕೊಳ್ಳುವ ದಾರಿ, ತಮ್ಮ ಕೆಲಸವನ್ನು ಹೊಂದಿಸಿಕೊಳ್ಳುವುದರಲ್ಲಿ ತಮಗೊಂದಿಷ್ಟು ಮಾತು ಇವು ಮುಖ್ಯವಾದವು. ಇವುಗಳಲ್ಲಿ ಹೆಚ್ಚಿನವಕ್ಕೆ ಹಣಕ್ಕಿಂತ ಮನಸ್ಸು ಹೆಚ್ಚಾಗಿ ಬೇಕು.

ಎಲ್ಲರಿಗೂ ಒಂದೇ ಪಥ್ಯ ಒಪ್ಪುವುದಿಲ್ಲವೆಂಬುದನ್ನು ಮರೆಯಬಾರದು. ಗುಮಾಸ್ತನಿಗೆ ಕುಳಿತಿರುವುದೇ ರೋಗವಾದರೆ, ಬಟ್ಟೆಯಂಗಡಿಯಲ್ಲಿ ದಿನವಿಡೀ ನಿಂತಿರುವ ಹೆಣ್ಣುಮಗಳಿಗೆ ಕುಳಿತುಕೊಳ್ಳುವುದೇ ಔಷಧ. ಕೇರಳದ ಜವಳಿ ಅಂಗಡಿಗಳ ಹೆಂಗಸರು ಇದಕ್ಕಾಗಿ ಹೋರಾಡಿದ ಫಲವಾಗಿ ಅಲ್ಲಿನ ಸರಕಾರ 2018ರಲ್ಲಿ ಅಂಗಡಿಗಳಲ್ಲಿ ಕೆಲಸಗಾರರಿಗೆ ಕುಳಿತುಕೊಳ್ಳುವ ಏರ್ಪಾಡಿರಬೇಕೆಂದು ನಿಯಮ ಮಾಡಿತು. ತಮಿಳುನಾಡು 2021ರಲ್ಲಿ ಅದನ್ನನುಸರಿಸಿತು. ಇನ್ನೊಂದು ಬಗೆಯ ಕಾಟ ಕೈಯಲ್ಲಿರುವ ದೂರವಾಣಿಯದು. ಕಚೇರಿಯ ಬಾಗಿಲು ಮುಚ್ಚಿದರೂ ಅದು ಮುಚ್ಚುವುದಿಲ್ಲ. ಫ್ರಾನ್ಸ್ ದೇಶವು 2017ರಿಂದ, ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ವೇಳೆಯ ಹೊರಗೆ ಸಂದೇಶಗಳಿಂದ ಬಿಡುಗಡೆ ಪಡೆಯುವ ಹಕ್ಕನ್ನು ಕುರಿತು ನೌಕರರೊಡನೆ ಮಾತುಕತೆ ನಡೆಸಬೇಕೆಂದು ವಿಧಿಸಿತು. ಸೂರ್ಯಾಸ್ತಕ್ಕೆ ಕೆಲಸ ಮುಗಿಯಬೇಕೆಂದು 1884ರಲ್ಲಿ ಕೇಳಿದ ಬೇಡಿಕೆಯ ಇಂದಿನ ರೂಪವೇ ಇದು.

6

ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ದುಡಿಮೆಯಿಂದಾಗುವ ಸವೆತ ಒಂದು ಖರ್ಚು. ಯಂತ್ರದ ಸವೆತವನ್ನು ಸಂಸ್ಥೆ ವರ್ಷವರ್ಷವೂ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಮನುಷ್ಯನ ಸವೆತ ಅಲ್ಲಿ ಕಾಣಿಸುವುದಿಲ್ಲ. ಆದರೆ ಎಲ್ಲಿಯೂ ಬರೆಯದ ಖರ್ಚು ಇಲ್ಲವಾಗುವುದಿಲ್ಲ. ಅದು ನೌಕರನ ಮನೆಯ ಖಾತೆಗೆ ಬೀಳುತ್ತದೆ, ಔಷಧದ ಚೀಟಿಯಾಗಿ, ಹೆಂಡತಿಮಕ್ಕಳ ಆತಂಕವಾಗಿ, ಅಕಾಲದ ಮುಪ್ಪಾಗಿ. ವಾರದ ರಜೆಯಿಂದ ಹಿಡಿದು ರಾಜ್ಯವಿಮೆಯವರೆಗಿನ ಇತಿಹಾಸವೆಲ್ಲ ಆ ಖರ್ಚನ್ನು ಸಲ್ಲಬೇಕಾದ ಖಾತೆಗೆ ವರ್ಗಾಯಿಸುವ ಪ್ರಯತ್ನವೇ ಆಗಿದೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು ದೊರೆತ ರಜೆಯೂ ಆ ದಾರಿಯ ಒಂದು ಹೆಜ್ಜೆ.

ಹೊರನಾಡಿನ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಆಸಕ್ತಿಯೂ ಇದೆ. ಮುಂಬಯಿಗೆ ಬಂದ ಎಳೆಯ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಕನ್ನಡದ ರಾತ್ರಿಶಾಲೆಗಳಲ್ಲಿ ಕಲಿತರು. ಕಚೇರಿ ಬಿಟ್ಟ ಗುಮಾಸ್ತರು ಸಂಜೆಯ ಹೊತ್ತಿನಲ್ಲಿ ವಾಚನಾಲಯಗಳನ್ನು ತೆರೆದರು, ನಾಟಕಗಳನ್ನು ಆಡಿದರು, ಯಕ್ಷಗಾನದ ತಂಡಗಳನ್ನು ಕಟ್ಟಿದರು, ಸಂಘಗಳನ್ನು ನಡೆಸಿದರು. ಇವೆಲ್ಲ ಸಾಧ್ಯವಾದುದು ದುಡಿಮೆಗೆ ಒಂದು ಕೊನೆಯ ಗಳಿಗೆ ಇದ್ದುದರಿಂದ. ಆ ಗಳಿಗೆ ರಾತ್ರಿ ಎಂಟಕ್ಕೆ, ಒಂಬತ್ತಕ್ಕೆ ಸರಿದು, ಆಮೇಲೆ ಒಂದೂವರೆ ಗಂಟೆಯ ಲೋಕಲ್ ರೈಲಿನ ಪ್ರಯಾಣವೂ ಕೂಡಿಕೊಂಡರೆ ಕೆಡುವುದು ಹೃದಯವೊಂದೇ ಅಲ್ಲ. ಓದುವ ಮನಸ್ಸು, ಮಕ್ಕಳೊಡನೆ ಮನೆಮಾತನ್ನು ಆಡುವ ವೇಳೆ, ನಾಲ್ಕು ಜನ ಸೇರುವ ಉತ್ಸಾಹ ಇವೂ ಅದರೊಡನೆ ಬತ್ತುತ್ತವೆ.

ಆದುದರಿಂದ ಕೆಲಸದ ಜಾಗದಲ್ಲಿ ಆರೋಗ್ಯವನ್ನು ಬೆಳೆಸುವುದೆಂದರೆ ವೈದ್ಯನನ್ನು ಒಳಕ್ಕೆ ಕರೆತರುವುದಕ್ಕೆ ಮುಂಚೆ ದುಡಿಯುವವರನ್ನು ಹೊತ್ತಿಗೆ ಸರಿಯಾಗಿ ಹೊರಕ್ಕೆ ಕಳುಹಿಸುವುದು. ಒಳಗಿರುವಷ್ಟು ಹೊತ್ತು ಅವರಿಗೆ ಉಸಿರಾಡಲು ಗಾಳಿಯನ್ನೂ ಆಡಲು ಮಾತನ್ನೂ ಕೊಡುವುದು. ಕಾಯವು ಉಳಿದರೆ ಕಾಯಕ ತಾನಾಗಿ ಉಳಿಯುತ್ತದೆ.